ಶಿಲುಬೆಯ ಹೆಸರು ಓದುವ ಮೋಲ್ಡರ್

ಭದ್ರಾವತಿಯ ಹಳೆಯ ಕ್ರೈಸ್ತ ಸ್ಮಶಾನ. ಬೆಳಗಿನ ಆರೂವರೆ. ಪರಶುರಾಮ ಅವರು ಗೋಣಿಚೀಲ ಹಾಸಿಕೊಂಡು ಕಬ್ಬಿಣದ ಶಿಲುಬೆಯೊಂದರ ಮುಂದೆ ಕುಳಿತಿದ್ದಾರೆ. ತೆಂಗಿನ ನಾರಿನಿಂದ ತುಕ್ಕನ್ನು ಮೆಲ್ಲಗೆ ಉದುರಿಸುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಆಮೇಲೆ ಸುಮ್ಮನೆ ಕಾಯುತ್ತಾರೆ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರಗಳಿಗೆ ನೆರಳು ಹುಟ್ಟುತ್ತದೆ. ಮೊದಲು ಒಂದು ತಮಿಳು ಅಕ್ಷರ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದು.

"ಎಂಟು ಗಂಟೆ ಆಯ್ತು ಅಂದ್ರೆ ಬಿಸಿಲು ಮೇಲಕ್ಕೆ ಹೋಗುತ್ತೆ, ಆಮೇಲೆ ಏನೂ ಕಾಣಲ್ಲ. ಅಷ್ಟರಲ್ಲಿ ಮೂರು ಹೆಸರು ಸಿಕ್ಕಿದ್ರೆ ಅವತ್ತು ಹಬ್ಬ," ಎನ್ನುತ್ತಾರೆ.

ಅರವತ್ತಾರು ವರ್ಷದ ಪರಶುರಾಮ ಕ್ರೈಸ್ತರಲ್ಲ, ಇತಿಹಾಸ ಓದಿದವರೂ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಕಬ್ಬಿಣದ ಕಾರ್ಖಾನೆ ಸೇರಿ, ಮೂವತ್ತನಾಲ್ಕು ವರ್ಷ ಮೋಲ್ಡರ್ ಆಗಿ ಮರಳಿನಲ್ಲಿ ಅಚ್ಚು ತೆಗೆದವರು. ತಮಿಳು ಕಲಿತದ್ದು ಕಾರ್ಮಿಕರ ಲೈನ್‌ಮನೆಗಳ ಓಣಿಯಲ್ಲಿ, ಗೋಲಿ ಆಡುತ್ತ. ನಿವೃತ್ತಿಯಾದ ಮೇಲೆ ಅವರು ಹಿಡಿದಿರುವ ಕೆಲಸ ಒಂದೇ: ತಮಿಳು ಸೀಮೆಯಿಂದ ಕುಲುಮೆಯ ಕೆಲಸಕ್ಕೆಂದು ಬಂದು ಇಲ್ಲಿ ಮೊದಲು ನೆಲೆಸಿದ ಕ್ರೈಸ್ತ ಕುಟುಂಬಗಳು ಯಾವುವು, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ ಎಂದು ಹುಡುಕಿ ವಂಶವೃಕ್ಷ ಬರೆಯುವುದು.

ಈ ಕೆಲಸಕ್ಕೆ ಹಚ್ಚಿದವರು ತಾಯಿ ಶೇಷಮ್ಮ. ಪರಶುರಾಮ ಹುಟ್ಟಿದ ಹತ್ತನೇ ದಿನಕ್ಕೆ ಆಕೆಗೆ ವಿಷಮಶೀತಜ್ವರ ಹಿಡಿಯಿತು. ಪಕ್ಕದ ಮನೆಯ ಆರೋಗ್ಯಮ್ಮ ಅದೇ ವಾರ ತನ್ನ ಹಸುಗೂಸನ್ನು ಮಣ್ಣಿಗಿಟ್ಟು ಬಂದಿದ್ದಳು. ಅಳುತ್ತಿದ್ದ ಶೇಷಮ್ಮನ ಕೂಸನ್ನು ಎತ್ತಿಕೊಂಡು ಹೋದವಳು ಮೂರು ತಿಂಗಳು ತನ್ನ ಹಾಲು ಕುಡಿಸಿದಳು. ಕೆಲವು ವರ್ಷಗಳ ನಂತರ ಆ ಕುಟುಂಬ ಲೈನ್ ಬಿಟ್ಟು ಹೋಯಿತು. ಎಲ್ಲಿಗೆ ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗಾಲದಲ್ಲಿ ಶೇಷಮ್ಮ ಮಗನಿಗೆ ಇದನ್ನೆಲ್ಲ ಹೇಳಿ, ಆ ಕೂಸಿನ ಗುಂಡಿಯ ಮೇಲೆ ಒಂದು ಹಿಡಿ ಹೂವು ಹಾಕಿ ಬಾ ಎಂದರಂತೆ.

ಹೂವು ಹಿಡಿದು ಹೋದವರಿಗೆ ಗುಂಡಿ ಯಾವುದೆಂದು ಗೊತ್ತಾಗಲಿಲ್ಲ. ಕಲ್ಲು ಕೊಳ್ಳಲಾಗದ ಕೂಲಿಕಾರರು ಎರಕದ ಕಬ್ಬಿಣದ ಶಿಲುಬೆ ನೆಟ್ಟಿದ್ದರು. ನೂರಹದಿನೆಂಟು ಶಿಲುಬೆಗಳಲ್ಲಿ ಹೆಸರು ಓದಲು ಬರುತ್ತಿದ್ದದ್ದು ಒಂಬತ್ತರಲ್ಲಿ ಮಾತ್ರ. ಚರ್ಚಿನ ಫಾದರ್ ಹಳೆಯ ರಿಜಿಸ್ಟರ್ ತೆಗೆದು ಮುಂದಿಟ್ಟರು. ಅದು ಲ್ಯಾಟಿನ್, ಇಂಗ್ಲಿಷ್ ಬೆರೆತ ಕೈಬರಹ. ಶಿವಮೊಗ್ಗದಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದ ವಾಣಿ ಅವರ ಪರಿಚಯವಾದದ್ದು ಆಗ. ಹಳೆಯ ಕೈಬರಹ ಓದುವ ಹವ್ಯಾಸವಿದ್ದ ವಾಣಿ ತಿಂಗಳಿಗೆರಡು ಬಾರಿ ಬಸ್ಸಿನಲ್ಲಿ ಬಂದು ಸಾಲುಸಾಲಾಗಿ ಓದಿ ಹೇಳಿದರು. ಪರಶುರಾಮ ಕನ್ನಡದಲ್ಲಿ ಬರೆದುಕೊಂಡರು.

ಎರಡು ವರ್ಷ ಓದಿದರೂ ಆರೋಗ್ಯಮ್ಮನ ಗಂಡ ರಾಯಪ್ಪನ ಹೆಸರು ಸಿಗಲಿಲ್ಲ. ಕೊನೆಗೆ ಲೈನಿನ ಮುದುಕರೊಬ್ಬರು, ನಮ್ಮ ಬಾಯಲ್ಲಿ ರಾಯಪ್ಪ ಆದವನು ಪಾದ್ರಿಗಳ ಪುಸ್ತಕದಲ್ಲಿ ಪೆತ್ರುಸ್ ಆಗಿರುತ್ತಾನೆ, ಇನ್ನಾಸಿ ಅಂದರೆ ಇಗ್ನೇಷಿಯಸ್ ಎಂದು ಬಿಡಿಸಿ ಹೇಳಿದರು. ಅವತ್ತೇ ಪುಸ್ತಕ ಮೊದಲಿನಿಂದ ತಿರುವಿ ಹಾಕಿದಾಗ ಪೆತ್ರುಸ್‌ನ ಗಂಡು ಕೂಸು ಸಿಕ್ಕಿತು. ವಯಸ್ಸು ಹನ್ನೆರಡು ದಿನ. ಮಕ್ಕಳನ್ನೆಲ್ಲ ಮೂಡಣ ಗೋಡೆಯ ಬುಡದಲ್ಲಿ ಹೂಳುತ್ತಿದ್ದರು ಎಂಬುದೂ ಅದೇ ಪುಟದಲ್ಲಿತ್ತು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಸ್ಮಶಾನದಲ್ಲಿ ಜಾಗ ಸಾಲದೆ, ವಾರಸುದಾರರಿಲ್ಲದ ಹಳೆಯ ಸಮಾಧಿಗಳನ್ನು ತೆರವು ಮಾಡುವುದೆಂದು ಚರ್ಚಿನ ಸಮಿತಿ ತೀರ್ಮಾನಿಸಿತ್ತು. ಪರಶುರಾಮ ಸಭೆಗೆ ಹೋಗಿ ಸಮಯ ಕೇಳಿದರು. ಸಮಿತಿಯ ಜ್ಞಾನೇಶ್ ಅಂದಿನ ತಮ್ಮ ಪ್ರಶ್ನೆಯನ್ನು ಈಗ ನೆನೆದು ಸಂಕೋಚಪಡುತ್ತಾರೆ. "ನಿಮ್ಮೋರು ಯಾರಿದ್ದಾರೆ ಇಲ್ಲಿ ಅಂತ ಕೇಳ್ಬಿಟ್ಟೆ. ಅವರು, ನಾನು ಕುಡಿದ ಹಾಲು ಇನ್ನೊಂದು ಮಗೂದು, ಆ ಮಗು ಇಲ್ಲಿದೆ ಅಂದ್ರು."

ಮೂರು ತಿಂಗಳ ಗಡುವು ಸಿಕ್ಕಿತು. ಪರಶುರಾಮ ದಿನಾ ಬೆಳಿಗ್ಗೆ ಶಿಲುಬೆ ಓದಿದರು, ಮಧ್ಯಾಹ್ನ ಮನೆ ಮನೆ ತಿರುಗಿದರು. ಕೆಲವರು ಆಸ್ತಿ ವಿಚಾರವೆಂದು ಹೆದರಿ ಬಾಗಿಲು ಹಾಕಿಕೊಂಡರು. ಹೊಳಲೂರಿನಲ್ಲಿ ಒಬ್ಬರು ಅಜ್ಜಿಯ ಹೆಸರು ಕೇಳಿ ಅಲ್ಲೇ ಅತ್ತರು. ಗಡುವು ಮುಗಿಯುವಾಗ ಎಂಬತ್ತಮೂರು ಸಮಾಧಿಗಳಿಗೆ ಹೆಸರು ಸಿಕ್ಕಿತ್ತು, ಮೂವತ್ತೊಂದು ಕುಟುಂಬಗಳು ಮುಂದೆ ಬಂದಿದ್ದವು. ಸಮಿತಿ ತೆರವಿನ ತೀರ್ಮಾನ ಕೈಬಿಟ್ಟು ಹೊಸ ಜಾಗ ನೋಡಿತು. ಮೂಡಣ ಗೋಡೆಯ ಬುಡದಲ್ಲೀಗ ಇಪ್ಪತ್ತೇಳು ಮಕ್ಕಳ ಹೆಸರಿನ ಎರಕದ ಫಲಕವಿದೆ. ಅದರ ಅಚ್ಚು ತೆಗೆದವರು ಪರಶುರಾಮರೇ.

ಆರೋಗ್ಯಮ್ಮನ ಮಗಳು ಸಿಕ್ಕಿದ್ದು ಮದುವೆಯ ರಿಜಿಸ್ಟರಿನಿಂದ. ಎಪ್ಪತ್ಮೂರು ವರ್ಷದ ಲೂರ್ದ್ ಮೇರಿ ಇಷ್ಟು ವರ್ಷವೂ ಹತ್ತಿರದಲ್ಲೇ, ಶಿವಮೊಗ್ಗದ ಗೋಪಾಳದಲ್ಲಿದ್ದರು. ಬಾಗಿಲಲ್ಲಿ ನಿಂತವರು ಯಾರೆಂದು ತಿಳಿದಾಗ ಆಕೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರಂತೆ. ತಾಯಿ ತೀರಿಕೊಳ್ಳುವವರೆಗೂ ಶೇಷಮ್ಮನ ಮಗ ಬದುಕಿದ್ದಾನೋ ಇಲ್ಲವೋ ಎಂದು ಕೇಳುತ್ತಿದ್ದರು ಎಂದರಂತೆ.

ಪರಶುರಾಮ ಬರೆದ ಮೂವತ್ತೊಂದು ವಂಶವೃಕ್ಷಗಳನ್ನು ವಾಣಿ ಒಂದು ಪುಸ್ತಕವಾಗಿ ಹೊಲಿಸಿ ಚರ್ಚಿಗೆ ಕೊಟ್ಟಿದ್ದಾರೆ. ದಾಖಲೆಯಲ್ಲಿ ಇಲ್ಲದ, ಇಬ್ಬರಾದರೂ ಸಾಕ್ಷಿ ಹೇಳದ ಒಂದು ಹೆಸರನ್ನೂ ಪರಶುರಾಮ ಅದರಲ್ಲಿ ಸೇರಿಸಿಲ್ಲ. ಆದರೆ ರಾಯಪ್ಪ, ಆರೋಗ್ಯಮ್ಮನವರ ಪುಟದಲ್ಲಿ, ಹನ್ನೆರಡು ದಿನದ ಕೂಸಿನ ಪಕ್ಕಕ್ಕೆ ಬೇರೆ ಕೈಬರಹದಲ್ಲಿ ಪೆನ್ಸಿಲಿನಿಂದ ತಮಿಳು ಅಕ್ಷರಗಳಲ್ಲಿ ಬರೆದ ಹೆಸರೊಂದಿದೆ. ಏನೆಂದು ಕೇಳಿದಾಗ ಪರಶುರಾಮ ಮೊದಲು ನಕ್ಕರು.

"ಅದು ನನ್ ಹೆಸರು. ಮೇರಕ್ಕ ಬರೆದದ್ದು. ಹಂಗೆಲ್ಲ ಬರೆಯೋ ಹಾಗಿಲ್ಲ ಅಕ್ಕ, ದಾಖಲೆ ಇಲ್ಲ ಅಂದೆ. ಕೇಳ್ಲಿಲ್ಲ. ತಪ್ಪು ಅಂತ ಗೊತ್ತು. ರಬ್ಬರ್ ತಗೊಂಡು ಎರಡು ಸಲ ಕೂತೆ, ಅಳಿಸೋಕೆ ಮನಸ್ಸು ಬರ್ಲಿಲ್ಲ."