ಹೆಬ್ಬೆರಳಿಗೆ ಹೊಂದಿದ ಆಟ

2022ರ ಸೆಪ್ಟೆಂಬರ್‌ನಲ್ಲಿ ನಾನು ಗಂಗಾವತಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಯಲಬುರ್ಗಾದಲ್ಲಿ ಹುಟ್ಟಿ, ಕೊಪ್ಪಳದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಇಲ್ಲಿಗೆ ಬಂದವಳು. ಶಸ್ತ್ರಚಿಕಿತ್ಸಕರು ಹೊಲಿದು ಜೋಡಿಸಿದ್ದನ್ನು ಮತ್ತೆ ಆಡುವಂತೆ ಮಾಡುವುದು ನಮ್ಮ ಕೆಲಸ. ನಾನು ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ಮಾಡುವವರು ಬೆರಳೆಣಿಕೆಯಷ್ಟು. ಮಾಡಿದ್ದೇವೆ ಎಂದು ಹೇಳುವವರು ಎಲ್ಲರೂ. ಹೀಗಾಗಿ ನನ್ನ ಬಾಯಿ ಜೋರು ಎಂಬ ಹೆಸರು ಬಂದಿತ್ತು. ಅದು ಸುಳ್ಳೂ ಅಲ್ಲ.

ಆ ತಿಂಗಳು ಶ್ರೀರಾಮನಗರದಿಂದ ಯಮನೂರಪ್ಪ ಎಂಬ ಇಪ್ಪತ್ತೆಂಟು ವರ್ಷದ ರೋಗಿ ಬಂದ. ಅಕ್ಕಿ ಗಿರಣಿಯಲ್ಲಿ ಭತ್ತ ನೋಡುವುದು ಅವನ ಕೆಲಸ. ಚೀಲಕ್ಕೆ ಕೊಳವೆ ಚುಚ್ಚಿ, ನಡುವಿನ ಭತ್ತವನ್ನು ಎಡ ಅಂಗೈಗೆ ಸುರಿದುಕೊಂಡು, ಬಲ ಹೆಬ್ಬೆರಳಿನಿಂದ ಒತ್ತಿ ಉಜ್ಜಿ ಸಿಪ್ಪೆ ಬಿಡಿಸಿ, ಹಸಿ ಎಷ್ಟು, ನುಚ್ಚು ಎಷ್ಟು ಎಂದು ಅರೆಗಳಿಗೆಯಲ್ಲಿ ಹೇಳಬೇಕು. ತೇವ ಅಳೆಯುವ ಯಂತ್ರ ಗಿರಣಿಯಲ್ಲಿ ಇದ್ದೇ ಇತ್ತು. ಆದರೆ ಮಾಲೀಕರು ಯಂತ್ರ ನೋಡಿದ ಮೇಲೂ ಯಮನೂರಪ್ಪನ ಮುಖ ನೋಡುತ್ತಿದ್ದರಂತೆ.

ಜೂನ್ ಕೊನೆಯಲ್ಲಿ ಮನೆಯ ತಗಡು ಸರಿಪಡಿಸುವಾಗ ಅದರ ಅಂಚು ತಾಗಿ, ಬಲ ಹೆಬ್ಬೆರಳಿನ ಟೆಂಡನ್ ಕತ್ತರಿಸಿಹೋಗಿತ್ತು. ಟೆಂಡನ್ ಎಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗ. ಇದು ಹೆಬ್ಬೆರಳ ತುದಿಯನ್ನು ಮಡಚುವ ಹಗ್ಗ. ಹೊಲಿಗೆ ಚೆನ್ನಾಗಿ ಕೂಡಿತ್ತು. ಆದರೆ ಬಿಚ್ಚಿಹೋದೀತೆಂಬ ಭಯದಲ್ಲಿ ಅವನು ಬೆರಳನ್ನು ಹೇಳಿದ್ದಕ್ಕಿಂತ ಹೆಚ್ಚು ದಿನ ಕಟ್ಟಿಯೇ ಇಟ್ಟಿದ್ದ. ಟೆಂಡನ್ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡಿತ್ತು. ಎಂಬತ್ತು ಡಿಗ್ರಿಯಷ್ಟು ಮಡಚಬೇಕಾದ ತುದಿಯ ಕೀಲು ಹತ್ತು ಡಿಗ್ರಿ ಮಾತ್ರ ಮಡಚುತ್ತಿತ್ತು. ಶಸ್ತ್ರಚಿಕಿತ್ಸಕರು ಏಳು ವಾರ ಕೊಟ್ಟಿದ್ದರು. ಅಷ್ಟರಲ್ಲಿ ಸಡಿಲವಾಗದಿದ್ದರೆ ಮತ್ತೆ ಕೊಯ್ದು ಬಿಡಿಸಬೇಕು, ಆಮೇಲೂ ಹಳೆಯ ಹೆಬ್ಬೆರಳು ಸಿಗುವ ಖಾತ್ರಿ ಇಲ್ಲ. ಏಳು ವಾರಕ್ಕೆ ಸರಿಯಾಗಿ ಗಿರಣಿಗೆ ಹೊಸ ಭತ್ತವೂ ಬರುವುದಿತ್ತು.

ವ್ಯಾಯಾಮ ಹೇಳಿಕೊಟ್ಟೆ. ನನ್ನೆದುರು ಹತ್ತು ಸಲ ಮಾಡಿದ, ಮನೆಯಲ್ಲಿ ಒಂದು ಸಲವೂ ಇಲ್ಲ. ಗದರಿಸಿದಾಗ ಜೊತೆಗೆ ಬಂದಿದ್ದ ಹೆಂಡತಿ ಹುಲಿಗೆಮ್ಮ ಬಾಯಿಬಿಟ್ಟಳು.

“ಬಲಗೈ ಮುಟ್ಟಾಕ ಅಂಜತಾರ್ರಿ. ವಿಡಿಯೋ ಗೇಮ್ ಸುದ್ದಾ ಎಡಗೈಲೇ ಆಡ್ತಾರ. ಬಲಗಡೆ ಬಟನ್ ನಾ ಒತ್ತತೀನ್ರಿ.”

ಹನುಮಸಾಗರದಿಂದ ಮದುವೆಯಾಗಿ ಬಂದ ಈ ಹುಡುಗಿ ಗಂಡನ ಪಕ್ಕ ಕುಳಿತು, ಎರಡೂ ಕೈಯಲ್ಲಿ ಹಿಡಿದು ಆಡುವ ಒಂದೇ ಜಾಯ್‌ಸ್ಟಿಕ್‌ನ ಬಲ ಅರ್ಧವನ್ನು ಎರಡು ತಿಂಗಳಿಂದ ನಡೆಸುತ್ತಿದ್ದಳು. ವಿಡಿಯೋ ಗೇಮ್ ಎಂದರೆ ನನಗೆ ಆಗುತ್ತಿರಲಿಲ್ಲ. ಆದರೆ ಜಾಯ್‌ಸ್ಟಿಕ್‌ನ ಬಲಭಾಗ ಪೂರ್ತಿ ಹೆಬ್ಬೆರಳಿನ ಕೆಲಸ ಎಂದು ತಿಳಿದಾಗ ಕಿವಿ ನೆಟ್ಟಗಾಯಿತು. ಔಷಧಿ ಇವರ ಮನೆಯಲ್ಲೇ ಇತ್ತು.

ಭಾನುವಾರ ಅವರ ಮನೆಗೆ ಹೋದೆ. ಒಂದೇ ಸರಣಿಯ ಮೂರು ಆಟಗಳಿದ್ದವು. ಮೂರರಲ್ಲೂ ಹಿಂದಿನ ಕಾಲದ ಒಬ್ಬ ಓಲೆಕಾರ ಊರೂರು ಸುತ್ತುತ್ತಾನೆ. ಓಪನ್ ವರ್ಲ್ಡ್ ಎಂದರೆ ಅವನನ್ನು ಇಂಥ ದಾರಿಯಲ್ಲೇ ನಡೆಸಬೇಕೆಂದಿಲ್ಲ. ಮನಸ್ಸು ಬಂದ ಓಣಿಗೆ ನುಗ್ಗಿಸಬಹುದು. ಮೊದಲನೆಯದು ಮರುಭೂಮಿಯ ಪಟ್ಟಣ, ಎರಡನೆಯದು ಹಡಗು ಮತ್ತು ದ್ವೀಪಗಳು, ಮೂರನೆಯದು ನದಿದಂಡೆಯ ರಾಜ್ಯ. ಒಂದೊಂದನ್ನೂ ಹತ್ತು ನಿಮಿಷ ನೋಡಿದೆ. ಮರುಭೂಮಿಯದರಲ್ಲಿ ಓಲೆಕಾರ ಮಾಳಿಗೆಯಿಂದ ಮಾಳಿಗೆಗೆ ಹಾರುವುದನ್ನು ಕಂಡು ನನ್ನ ಎದೆಯೇ ಹಾರಿತು. ಹಡಗಿನದರಲ್ಲಿ ಬಿರುಗಾಳಿ. ನದಿಯದು ಮಾತ್ರ ಶಾಂತ: ದೋಣಿ, ಗದ್ದೆ, ಕಣಜ.

“ಬಲ ಹೆಬ್ಬೆರಳಿಂದ ಇದೊಂದನ್ನೇ ಆಡು. ದಿನಕ್ಕೆ ಮೂರು ಸಲ, ಇಪ್ಪತ್ತು ನಿಮಿಷ. ಉಳಿದ ಎರಡನ್ನ ಮುಟ್ಟಬ್ಯಾಡ” ಎಂದೆ.

ಹುಲಿಗೆಮ್ಮ ಏನೋ ಹೇಳಹೊರಟಳು. “ನೀ ಸುಮ್ಮನಿರವ್ವ” ಎಂದು ಬಾಯಿ ಮುಚ್ಚಿಸಿದೆ. ಅನ್ನ ಬೆಂದಿದೆಯೋ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎಂಬ ಧೈರ್ಯ ನನ್ನದು.

ಯಮನೂರಪ್ಪ ಈ ಸಲ ತಪ್ಪಿಸಿಕೊಳ್ಳಲಿಲ್ಲ, ಹೇಳಿದಷ್ಟೂ ಆಡಿದ. ಎರಡು ವಾರದ ನಂತರ ಅಳೆದರೆ ಹನ್ನೆರಡು ಡಿಗ್ರಿ. ಹೆಬ್ಬೆರಳ ಬುಡ ಬೇರೆ ಊದಿಕೊಂಡಿತ್ತು. ಏಳರಲ್ಲಿ ಎರಡು ವಾರ ನೀರುಪಾಲಾಗಿತ್ತು. ನನಗೆ ಹೆದರಿಕೆಯಾಯಿತು, ಹೆದರಿಕೆಗೆ ಸಿಟ್ಟು ಬಂತು, ಸಿಟ್ಟನ್ನು ಅವನ ಮೇಲೆ ತೀರಿಸಿದೆ.

ಹುಲಿಗೆಮ್ಮ ತಡೆದಳು. “ಅವರಿಗೆ ಬೈಬ್ಯಾಡ್ರಿ ಮೇಡಂ. ನದಿ ಆಟ ಭಾಳ ಚಂದ ಐತಿ, ಆದ್ರ ಅದರಾಗ ಎಲ್ಲಾ ಒತ್ತಿ ಹಿಡಿಯೂದ. ದೋಣಿ ನಡಸಾಕ ಒತ್ತಿ ಹಿಡಿ, ಬೆಳಿ ಕೊಯ್ಯಾಕ ಒತ್ತಿ ಹಿಡಿ. ಮರಳಿನ ಆಟದಾಗ ಹಂಗಲ್ಲ, ಒಂದೊಂದು ಜಿಗತಕ್ಕೂ ಒತ್ತಿ ಬಿಡಬೇಕ್ರಿ. ಅವತ್ತ ಇದನ್ನ ಹೇಳಾಕ ಹೊಂಟಿದ್ದೆ.”

“ಮತ್ತ ಯಾಕ ಹೇಳಲಿಲ್ಲ?” ಎಂದು ಕೇಳಿದೆ. ಕೇಳಬಾರದಿತ್ತು.

ಯಮನೂರಪ್ಪ ಮೆಲ್ಲಗೆ ಹೇಳಿದ. “ಸಿಟ್ಟಾಗಬ್ಯಾಡ್ರಿ ಮೇಡಂ. ಚೀಲದ ಬಾಯಾಗ ಎಲ್ಲಾರೂ ಛಲೋ ನೆಲ್ಲ ಹಾಕಿರ್ತಾರ. ನೀವು ಬಾಯಾಗಿಂದು ನೋಡಿ ದರ ಕಟ್ಟಿದ್ರಿ. ನಾವು ನಡುವಿಗೆ ಕೊಳವಿ ಹಾಕ್ತೀವ್ರಿ.”

ಅಂದು ಸಂಜೆಯೇ ಮತ್ತೆ ಅವರ ಮನೆಗೆ ಹೋದೆ. ಟಿವಿಗೆ ಬೆನ್ನು ಹಾಕಿ, ಅವನ ಹೆಬ್ಬೆರಳ ಬುಡದಲ್ಲಿ ನನ್ನ ಬೆರಳಿಟ್ಟು ಕುಳಿತೆ. ಕಥೆ ನನಗೆ ಬೇಡವಾಗಿತ್ತು. ಮರುಭೂಮಿಯ ಆಟದಲ್ಲಿ ನಿಮಿಷಕ್ಕೆ ಮೂವತ್ತು ಸಲವಾದರೂ ತುದಿ ಮಡಚಿ ಬಿಡುತ್ತಿತ್ತು. ಚರ್ಮದ ಕೆಳಗೆ ಟೆಂಡನ್ ಅಷ್ಟಷ್ಟೇ ಜಾರಲು ತವಕಿಸುವುದು ತಿಳಿಯುತ್ತಿತ್ತು. ಹಡಗಿನ ಆಟದಲ್ಲಿ ಸುತ್ತಲೂ ಕಣ್ಣಾಡಿಸಲು ಬಲಭಾಗದ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಿಂದ ತಿರುಗಿಸುತ್ತಲೇ ಇರಬೇಕು. ತುದಿಗೆ ಕೆಲಸ ಕಡಿಮೆ, ಬುಡ ಚೆನ್ನಾಗಿ ಸಡಿಲವಾಗುತ್ತದೆ. ನನ್ನ ಮೆಚ್ಚಿನ ನದಿಯ ಆಟದಲ್ಲಿ ಅವನು ತುದಿಯನ್ನು ನೆಟ್ಟಗೆ ಸೆಟೆಸಿ, ಬುಡದ ಬಲದಿಂದ ಒಂದೂವರೆ ನಿಮಿಷ ಬಟನ್ ಅದುಮಿ ಹಿಡಿದಿದ್ದ. ಊತ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿರಲಿಲ್ಲ. ತಪ್ಪು ನನ್ನದೇ ಎಂದು ಇಬ್ಬರೆದುರೂ ಒಪ್ಪಿಕೊಂಡೆ.

ಹೊಸ ಚೀಟಿ ಬರೆದೆ. ಊತ ಇಳಿಯುವವರೆಗೆ ನಾಲ್ಕು ದಿನ ವಿಶ್ರಾಂತಿ. ಆಮೇಲೆ ಐದು ನಿಮಿಷ ಹಡಗು, ಹತ್ತು ನಿಮಿಷ ಮರುಭೂಮಿ, ದಿನಕ್ಕೆ ನಾಲ್ಕು ಸಲ. ನದಿ ಪೂರ್ತಿ ಬಂದ್. ಹುಲಿಗೆಮ್ಮ ಗಂಡನ ಬೆರಳು ನೋಡುತ್ತ ಕೂರಬೇಕು, ತುದಿ ಸೆಟೆದರೆ ಆಟ ನಿಲ್ಲಿಸಬೇಕು.

ಪ್ರತಿ ಶುಕ್ರವಾರ ಅಳತೆಗೆ ಬಂದಾಗ ಇಬ್ಬರ ಜಗಳವೂ ಜೊತೆಗೆ ಬರುತ್ತಿತ್ತು. ಅವಳ ಪ್ರಕಾರ ಮರುಭೂಮಿಯದೇ ಮೇಲು. ಪಟ್ಟಣ ಚಿಕ್ಕದಾದರೂ ಪ್ರತಿ ಓಣಿಯೂ ಗುರುತಾಗುತ್ತದೆ. ಹಡಗಿನದರಲ್ಲಿ ಅರ್ಧ ಹೊತ್ತು ಬರೀ ನೀರು, ದ್ವೀಪಗಳೆಲ್ಲ ಒಂದೇ ಅಚ್ಚು. ಅವನಿಗೆ ಈಗಲೂ ನದಿಯದೇ ಇಷ್ಟ, ಆದರೆ ಅದರಲ್ಲೂ ಒಂದು ತಕರಾರು.

“ಬದು ಇಲ್ಲದ ಗದ್ದಿ ಮಾಡ್ಯಾರ್ರಿ. ನೀರು ಹೆಂಗ ನಿಂತೀತು? ಮಾಡಿದವ್ರು ನಾಟಿ ನೋಡೇ ಇಲ್ರಿ” ಎಂದ.

ಅಳತೆ ಹದಿನೆಂಟಾಯಿತು, ಇಪ್ಪತ್ತೇಳಾಯಿತು. ಒಂದು ವಾರ ಇಪ್ಪತ್ತೇಳಕ್ಕೇ ನಿಂತಿತು. ಮುಂದಿನ ಶುಕ್ರವಾರ ಮೂವತ್ತೆಂಟು. ಏಳನೆಯ ವಾರ ಮುಗಿದಾಗ ನಲವತ್ತಾರು. ಶಸ್ತ್ರಚಿಕಿತ್ಸಕರು ಬೆರಳನ್ನು ಎರಡು ಸಲ ಮಡಚಿಸಿ ನೋಡಿದರು. “ಕೊಯ್ಯೋದು ಬೇಕಿಲ್ಲ. ಹೀಗೇ ಮುಂದುವರಿಸಿ” ಎಂದರು. ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತುಬಿಟ್ಟೆ. ನನ್ನ ಅವಸರದಿಂದ ಒಬ್ಬನ ಕಸುಬು ಹೋಗಲಿಲ್ಲ ಎಂಬುದೇ ಸಮಾಧಾನ.

ರೋಗಿಯ ಮನೆಯವರ ಬಾಯಿ ಮುಚ್ಚಿಸುವುದನ್ನು ಅಂದಿನಿಂದ ಬಿಟ್ಟೆ. ಯಾವುದು ಒಳ್ಳೆಯ ಆಟ, ಯಾವುದು ಒಳ್ಳೆಯ ವ್ಯಾಯಾಮ ಎಂದು ಕೇಳಿದರೆ ಈಗ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಯಾವ ಕೈಗೆ ಎಂದು ಮೊದಲು ಕೇಳುತ್ತೇನೆ.

ಹೊಸ ಭತ್ತ ಬಂದ ಮೇಲೆ ಯಮನೂರಪ್ಪ ಒಂದು ದಿನ ಕರವಸ್ತ್ರದಲ್ಲಿ ಹಿಡಿಯಷ್ಟು ಕಟ್ಟಿಕೊಂಡು ಬಂದ. ನನ್ನ ಮೇಜಿನ ಮುಂದೆ ನಿಂತು ಎಡ ಅಂಗೈಗೆ ಸುರಿದುಕೊಂಡು, ಬಲ ಹೆಬ್ಬೆರಳಿನಿಂದ ಒತ್ತಿ ಉಜ್ಜಿದ. ಸಿಪ್ಪೆ ಊದಿ ಅಂಗೈ ಚಾಚಿದ.

“ನುಚ್ಚು ಎಷ್ಟೈತಿ, ನೀವ ಹೇಳ್ರಿ ಮೇಡಂ.”

ಅವನ ಹೆಬ್ಬೆರಳನ್ನೇ ನೋಡುತ್ತಿದ್ದ ನಾನು ಅಕ್ಕಿಯನ್ನು ನೋಡಿಯೇ ಇರಲಿಲ್ಲ. “ಇನ್ನೊಮ್ಮೆ ಉಜ್ಜಪಾ” ಎಂದೆ.