ಸಾಹೇಬರು ಸೂರ್ಯನಾದದ್ದು

ಬೆಳಿಗ್ಗೆ ಚಹಾ ಬಸಿಗೆ ಸುರುವಿಕೊಂಡು ಕೂತಿದ್ದೆ. ಸೂರ್ಯನ ಕಡೆ ಹೊರಟ ನೌಕೆ ಶುಕ್ರನ ಪಕ್ಕ ಹಾಯ್ದು ವೇಗ ಕಳೆದುಕೊಳ್ಳುತ್ತದೆ ಎಂದು ಟೀವಿಯಲ್ಲಿ ಹೇಳಿದರು. "ವೇಗ ಕಳಕೊಂಡ್ರ ಹೆಂಗ ಮುಟ್ಟತೈತಿ ಅಜ್ಜಾ?" ಎಂದಳು ಮೊಮ್ಮಗಳು. ಉತ್ತರ ನನಗೆ ಎಪ್ಪತ್ತು ವರ್ಷಗಳಿಂದ ಗೊತ್ತು. ಅದು ನನ್ನ ಜಾಣತನವೆಂದು ತಿಳಿಯಬೇಡಿ.

ಲಕ್ಷ್ಮೇಶ್ವರದ ಶಾಲೆಯಲ್ಲಿ ನಾನು ಹೊಸ ಮಾಸ್ತರ, ಶೇಷಗಿರಿ ಮಾಸ್ತರರು ಹಿರಿಯರು. ಮನೆತನದ ಪೂಜೆಯನ್ನು ಅಣ್ಣನಿಗೆ ಬಿಟ್ಟು ಗಣಿತ ಹಿಡಿದವರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ಕೂತಲ್ಲೇ ಕೂತಿದ್ದ ನಮಗೆ ಸರಕಾರ ಬದಲಾಯಿತೇ ಹೊರತು ಸುಣ್ಣ ಕಾಣದ ಗೋಡೆ ಬದಲಾಗಲಿಲ್ಲ. ಸಂಸ್ಥಾನದ ಮಾಸ್ತರರ ಪಾಠ ನೋಡಿ ನೌಕರಿ ಖಾಯಂ ಮಾಡಲು ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ರೂಢಿಯಂತೆ ಹಾರ ಹಾಕಿ, ಕೈಗೆರಡು ನಿಂಬೆಹಣ್ಣು ಕೊಟ್ಟೆವು.

ಉಳಿದವರು ಮಗ್ಗಿ ಹೇಳಿಸಿ ಪಾರಾದರು. ಶೇಷಗಿರಿ ಮಾಸ್ತರರು ಸಾಹೇಬರ ಕುರ್ಚಿಯನ್ನು ಬಯಲಿಗೆ ಹಾಕಿಸಿ, ಎತ್ತಿನ ಚಕ್ಕಡಿ ತರಿಸಿದರು. "ನೀವು ಸೂರ್ಯ, ಚಕ್ಕಡಿ ಭೂಮಿ. ಆ ನಿಂಬಿಹಣ್ಣು ಸ್ವಲ್ಪ ಕೊಡ್ರಿ" ಎಂದು ಚಕ್ಕಡಿ ಹತ್ತಿದರು. ಚಕ್ಕಡಿ ಹೊಡೆದವನು ನಾನು; ಕಳಸಾಪುರದ ಒಕ್ಕಲಿನವನಿಗೆ ಆ ವಿದ್ಯೆಯಾದರೂ ಪಕ್ಕಾ ಇತ್ತು.

ಎತ್ತು ಸಾಹೇಬರ ಸುತ್ತ ಓಡುತ್ತಿದ್ದಂತೆ ಮೊದಲನೆಯ ಹಣ್ಣನ್ನು ನೇರ ಸಾಹೇಬರತ್ತ ಒಗೆದರು. ಚಕ್ಕಡಿಯ ಓಟ ಅದಕ್ಕೂ ಇತ್ತಲ್ಲ, ಮುಂದೆ ಸರಿದು ನುಗ್ಗೆಗಿಡದ ಬುಡಕ್ಕೆ ಹೋಯಿತು. "ಭೂಮಿ ಸೆಕೆಂಡಿಗೆ ಹದಿನೆಂಟು ಮೈಲು ಓಡತೈತಿ! ಆ ಓಟ ಕಳೀದ ಸೂರ್ಯ ಸಿಗೂದಿಲ್ಲ!" ಎಂದು ಕೂಗಿ, ಎರಡನೆಯದನ್ನು ಓಟಕ್ಕೆ ವಿರುದ್ಧವಾಗಿ, ಹಿಂದಕ್ಕೆ ಓರೆಮಾಡಿ ಎಸೆದರು.

ಅದು ಸಾಹೇಬರ ತಲೆಯ ರುಮಾಲನ್ನೇ ಕೆಡವಿತು. ಹುಡುಗರು ಚಪ್ಪಾಳೆ ಹೊಡೆದರು. ಪಾಪ, ಅವರಿಗೆ ಪಾಠ ತಿಳಿದಿತ್ತು.

ಸಾಹೇಬರು ಕೆಂಪಾಗಿ ನನ್ನನ್ನು ಕೇಳಿದರು: "ಇವರು ಬೇಕಂತ ಒಗದ್ರೋ, ಕೈ ತಪ್ಪಿತೋ?"

ಮಾಸ್ತರರ ನೌಕರಿ ಉಳಿಯಲೆಂದು ನಾನೆಂದೆ: "ಕೈ ತಪ್ಪಿತ್ರಿ."

"ಇಲ್ಲ ಸಾಹೇಬ್ರ," ಎಂದರು ಮಾಸ್ತರರು, "ಗುರಿ ಇಟ್ಟೇ ಒಗದೇನಿ."

ಅವರ ನೌಕರಿ ಖಾಯಂ ಆಗಲಿಲ್ಲ. ಬೆಟಗೇರಿಗೆ ಹೋಗಿ ಮನೆಪಾಠ ಹೇಳಿಕೊಂಡು ಬದುಕಿದರು. ಹೋಗುವ ದಿನ ಬಸ್ಸಿಗೆ ಕಾಯುತ್ತ ಕೇಳಿದರು: "ಹೊಟ್ಟಿಗೆ ಹೆಂಗರ ಆಗತೈತಿ. ಆದ್ರ ಕೈ ತಪ್ಪಿತಂದು ಹುಡುಗೂರ ಮುಂದ ನನ್ನ ಲೆಕ್ಕ ಯಾಕ ಸುಳ್ಳು ಮಾಡಿದಿಲೇ?" ಅವರನ್ನು ಉಳಿಸಲು ನೋಡಿದೆನೆಂದು ಇಷ್ಟು ವರ್ಷ ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದ್ದೇನೆ. ಇವತ್ತು ಮೊಮ್ಮಗಳ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು.

ಕತೆ ಕೇಳಿದ ಮೊಮ್ಮಗಳು, "ಹಂಗಾರ ತಪ್ಪು ಯಾರ್ದು ಅಜ್ಜಾ? ಸಾಹೇಬ್ರದೇನು?" ಎಂದಳು.

"ಸಾಹೇಬ್ರಿಗೆ ಆ ಲೆಕ್ಕ ಗೊತ್ತಿರ್ಲಿಲ್ಲವ್ವಾ," ಎಂದೆ. "ನನಗ ಗೊತ್ತಿತ್ತು."