ಸೀರೆಗೆ ಮೂರು ಬೆಳಕು

ನಮ್ಮ ಧಣಿಗಳು ಒಂದು ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ವಾಲಿಸಿ, ಗಂಟಲಮಣಿ ಮೇಲೆ ಕೆಳಗೆ ಆಡಿಸುತ್ತ ನಿಂತರೆಂದರೆ, ಹೊಸಬರು ಮಾಡಿನಲ್ಲಿ ಹಾವು ಕಂಡಿತೇನೋ ಎಂದು ಹೆದರುತ್ತಿದ್ದರು. ಹಾವೂ ಇಲ್ಲ, ಮಣ್ಣೂ ಇಲ್ಲ. ಅವರು ನೋಡುತ್ತಿದ್ದದ್ದು ಬಲ್ಬನ್ನು. ಕುಂದಾಪುರ ಪೇಟೆಯಲ್ಲಿ ಅವರದ್ದೊಂದು ಉದ್ದನೆಯ, ಕಿರಿದಾದ ಸೀರೆ ಅಂಗಡಿ. ತಲ್ಲೂರಿನಿಂದ ದಿನಾ ಬಸ್ಸು ಹಿಡಿದು ಬಂದು ನಾನು ಅಲ್ಲಿ ಸೀರೆ ತೋರಿಸುವ ಕೆಲಸಕ್ಕೆ ಇದ್ದೆ.

ನಾನು ಸೇರಿದ ಹೊಸತರಲ್ಲೇ ಹೈವೇ ಬದಿಯಲ್ಲಿ ಗಾಜಿನ ಗೋಡೆಯ ದೊಡ್ಡ ಶೋರೂಮ್ ಬಂತು. ಒಳಗೆಲ್ಲ ಹಾಲು ಚೆಲ್ಲಿದಂಥ ಬಿಳಿ ಬೆಳಕು. ನಮ್ಮ ಕಡೆ ಜನ ತಿರುಗಿ ನೋಡುವುದೇ ನಿಂತುಹೋಯಿತು. ದೀಪಾವಳಿಯೂ ಹೀಗೇ ಆದರೆ ಅಂಗಡಿ ಮುಚ್ಚುವುದೇ ಸೈ ಎಂದು ಧಣಿಗಳು ನಮಗೆಲ್ಲ ಬಾಯಿಬಿಟ್ಟು ಹೇಳಿದ್ದರು. ಅದಾದ ಮೇಲೆ ಒಂದು ಮಧ್ಯಾಹ್ನ ಆ ಶೋರೂಮಿಗೆ ಗಿರಾಕಿಯಂತೆ ಹೋಗಿ ಬಂದರು. ಬಂದವರ ಮುಖ ಅರಳಿತ್ತು.

"ಆ ಬೆಳಿ ಬೆಳ್ಕಲ್ಲ್ ಸೀರಿ ಕಂಡ್ರೆ ಆಸ್ಪತ್ರಿ ಮಂಚದ್ ಹಾಸ್ ಕಂಡಂಗ್ ಆತ್ತ್ ಮಗಾ. ಸೀರಿಗ್ ಕಳಿ ಬಪ್ಪುದ್ ಆಟದ್ ಬೆಳ್ಕಲ್ಲ್."

ಆಟವೆಂದರೆ ಯಕ್ಷಗಾನ. ಅದರ ಹುಚ್ಚು ಅವರಿಗೆ ಎಷ್ಟೆಂದರೆ, ಪ್ರಾಯದಲ್ಲಿ ವೇಷ ಕಟ್ಟಿದ್ದೂ ಉಂಟು. ಹಳೆಯ ರಂಗಸ್ಥಳದ ಹಳದಿ ಬೆಳಕಿನಲ್ಲಿ ಕೆಂಪು, ಚಿನ್ನದ ಬಣ್ಣ ಹೇಗೆ ಉರಿಯುತ್ತಿತ್ತು ಎಂದು ಹೇಳಲು ಶುರುಮಾಡಿದರೆ ನಮಗೆ ಊಟಕ್ಕೆ ಬಿಡುವೇ ಇರುತ್ತಿರಲಿಲ್ಲ. ಈಗ ಆ ಹುಚ್ಚನ್ನು ಅಂಗಡಿಗೇ ತಂದರು. ಟ್ಯೂಬ್‌ಲೈಟುಗಳು ಆರಿದವು. ಕಪಾಟುಗಳ ಮೇಲೆ ಹಳದಿ ಸ್ಪಾಟ್‌ಲೈಟ್ ಬಂದವು, ನಡುವೆ ಬೇಕೆಂದೇ ಸ್ವಲ್ಪ ಕತ್ತಲೆ. ಎಲೆಕ್ಟ್ರಿಷಿಯನ್ ಏಣಿ ಹತ್ತಿ ಇಳಿದು ಸುಸ್ತಾದರೂ ಇವರದ್ದು "ಇನ್ನೊಂಚೂರ್ ಬಗ್ಗ್ಸ್" ಮುಗಿಯಲಿಲ್ಲ.

ಸುಳ್ಳು ಯಾಕೆ ಹೇಳಲಿ, ಅಂಗಡಿಯೇ ಬೇರೆಯಾಯಿತು. ಜರಿ ಮಿಂಚಿತು. ವರ್ಷಗಟ್ಟಲೆ ಮೂಲೆ ಹಿಡಿದಿದ್ದ ಸೀರೆಗಳಿಗೂ ಮದುಮಗಳ ಕಳೆ. ಹೊರಗೆ ಹೋಗುವವರು ಬಾಗಿಲಲ್ಲಿ ನಿಂತು ಇಣುಕಿದರು, ಇಣುಕಿದವರು ಒಳಗೆ ಬಂದರು. ದೀಪಾವಳಿ ಗಮ್ಮತ್ತಾಗಿ ಕಳೆಯಿತು. ಧಣಿಗಳು ಭಾಗವತರ ಹಾಗೆ ಕೈಯಲ್ಲಿ ತಾಳ ಹಾಕುತ್ತ ಓಡಾಡಿದರು. ನಮಗಂತೂ ಕೆಲಸ ಉಳಿಯಿತಲ್ಲ ಎಂಬ ಸಮಾಧಾನ.

ಆಮೇಲೆ ಬಂದರು ನೋಡಿ, ಗಂಗೊಳ್ಳಿಯ ಮೀನಿನ ವ್ಯಾಪಾರದ ಅಕ್ಕ. ಮಗಳ ಮದುವೆಗೆಂದು ನಮ್ಮಲ್ಲಿ ಬಂಗಾರದ ಬಣ್ಣದ ಸೀರೆ ಆರಿಸಿ ಒಯ್ದಿದ್ದರು. ಮನೆಯಲ್ಲಿ ಬಿಚ್ಚಿದರೆ ಬಂಗಾರವೆಲ್ಲಿದೆ? ಮಾಸಲು ಕೆನೆ ಬಣ್ಣ. ಧಾರೆಗೆ ಬಿಳಿಚಿಕೊಂಡ ಸೀರೆಯೇ ಎಂದು ಬೀಗರ ಕಡೆಯವರು ಮೂಗು ಮುರಿದರಂತೆ. ಅಂಗಡಿ ತುಂಬ ಗಿರಾಕಿಗಳಿದ್ದ ಹೊತ್ತಿನಲ್ಲಿ ಅಕ್ಕ ಸೀರೆಯನ್ನು ಮೇಜಿನ ಮೇಲೆ ಹಾಕಿದರು. ಸ್ವರ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಹ್ವಾಯ್, ನೀವ್ ಮಾರಿದ್ದ್ ಸೀರಿಯಾ, ಬೆಳ್ಕಾ? ಬೆಳ್ಕಾದ್ರೆ ಆ ಬಲ್ಬೂ ಬಿಚ್ಚಿ ಕೊಡಿ. ಮದಿ ದಿನ ಮಗಳ್ ತಲಿ ಮೇಲ್ ಕಟ್ಕಂತೆ."

ಯಾರೋ ಕಿಸಕ್ಕನೆ ನಕ್ಕರು. ಉಳಿದವರು ತಮ್ಮ ಕೈಯಲ್ಲಿದ್ದ ಸೀರೆಯನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರು. ಮಾರಿದ ಮಾಲು ವಾಪಸ್ಸಿಲ್ಲ ಎಂಬ ಬೋರ್ಡು ಗೋಡೆಯಲ್ಲಿತ್ತು, ಧಣಿಗಳು ಅದಕ್ಕೆ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ಹೌದು ಎಂದು ಒಪ್ಪಿಕೊಂಡರೆ ಅಷ್ಟೂ ಗಿರಾಕಿಗಳು ಎದ್ದು ಹೋಗುವ ಹಾಗಿತ್ತು.

ಅವರು ಸೀರೆಯನ್ನು ಎತ್ತಿಕೊಂಡು ಸೀದಾ ರಸ್ತೆಗೆ ಇಳಿದರು. ಸುಡು ಬಿಸಿಲಲ್ಲಿ ಅದನ್ನು ಅಷ್ಟುದ್ದಕ್ಕೆ ಬಿಚ್ಚಿ ಹಿಡಿದರು. ಆಟೋದವರೂ ನಿಂತು ನೋಡಿದರು.

"ನೀವ್ ಹೇಳಿದ್ದೇ ಸಮ ಮಾರಾಯ್ತಿ. ಇದ್ ಕೆನಿ ಬಣ್ಣವೇ. ನನ್ ಕಣ್ಣೂ ಮೋಸ ಹೋಯ್ತ್," ಎಂದರು. ಮತ್ತೆ ಅಲ್ಲೇ ಕೇಳಿದರು: "ಮಗಳ್ ಇದನ್ನ್ ಎಲ್ಲ್ ಉಡುದ್?"

ಮದುವೆ ಹಾಲ್‌ನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಎಂದರು ಅಕ್ಕ. ಧಣಿಗಳು ಸ್ಪಾಟ್‌ಲೈಟುಗಳನ್ನೆಲ್ಲ ಆರಿಸಿ, ಹಳೆಯ ಟ್ಯೂಬ್‌ಲೈಟ್ ಹಾಕಿಸಿ, ಅಕ್ಕನಿಗೆ ಬೇರೆ ಸೀರೆ ಆರಿಸಲು ಹೇಳಿದರು. ಆರಿಸಿದ್ದನ್ನು ಮತ್ತೊಮ್ಮೆ ಬಿಸಿಲಲ್ಲೂ ತೋರಿಸಿದರು. ಉಳಿದ ಗಿರಾಕಿಗಳಲ್ಲಿ ಕೆಲವರು ಎದ್ದು ಹೋದರು. ಹೆಚ್ಚಿನವರು ತಮ್ಮ ಸೀರೆ ಹಿಡಿದುಕೊಂಡು ರಸ್ತೆಯಲ್ಲಿ ಸಾಲು ನಿಂತರು. ಅಂಗಡಿ ಒಳಗೋ ಹೊರಗೋ ಗೊತ್ತಾಗದಷ್ಟು ಗೌಜಿ.

ಅದಾದ ಮೇಲೆ ಕನ್ನಡಿಯ ಪಕ್ಕ ಮೂರು ಸ್ವಿಚ್ ಬಂದವು. ಒಂದು ಹಾಲ್‌ನ ಬೆಳಕಿಗೆ, ಒಂದು ದೇವಸ್ಥಾನದ ದೀಪದಂಥ ಬೆಳಕಿಗೆ, ಒಂದು ಹಗಲಿನಂಥದ್ದಕ್ಕೆ. ಗಿರಾಕಿ ಬಂದ ಕೂಡಲೇ ರೇಟಿನ ಮಾತಿಗೂ ಮೊದಲು "ಎಲ್ಲ್ ಉಡುದ್?" ಎಂದು ಕೇಳಬೇಕು, ಇದು ನಮಗೆಲ್ಲ ಅಪ್ಪಣೆ. ಕಪಾಟಿನ ಹಳದಿ ಬೆಳಕನ್ನು ಮಾತ್ರ ಅವರು ತೆಗೆಯಲಿಲ್ಲ. ಯಾಕೆಂದು ನಾನು ಕೆಣಕಿದ್ದಕ್ಕೆ, "ಆಸಿ ಹುಟ್ಟುಕೆ ಆ ಬೆಳ್ಕ್ ಬೇಕ್ ಮಗಾ. ದುಡ್ಡ್ ತಕಂಬ ಮೊದ್ಲ್ ಖರೆ ಬಣ್ಣ ತೋರ್ಸ್ರೆ ಆಯ್ತಲೆ," ಎಂದು ನಕ್ಕರು.

ಕಳೆದ ಮಳೆಗಾಲದಲ್ಲಿ ಧಣಿಗಳು ಹೋದರು. ಬ್ರಹ್ಮಾವರದಲ್ಲಿ ಈಗ ನನ್ನದೇ ಸಣ್ಣ ಸೀರೆ ಅಂಗಡಿ ಇದೆ, ಅಲ್ಲೂ ಕಪಾಟಿಗೆ ಹಳದಿ ಬೆಳಕು, ಕನ್ನಡಿಯ ಪಕ್ಕ ಮೂರು ಸ್ವಿಚ್. ಮೊನ್ನೆ ವ್ಯಾಪಾರವೇ ಇಲ್ಲದ ದಿನ ಒಬ್ಬ ಹುಡುಗಿ ಬಂದು, ಹಳದಿ ಬೆಳಕಿನಲ್ಲಿ ಹೊಳೆಯುತ್ತಿದ್ದ ಸೀರೆಗೆ ಮರುಳಾದಳು. ಪ್ಯಾಕ್ ಮಾಡಿ ಎಂದೇಬಿಟ್ಟಳು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಎಲ್ಲಿ ಉಡುತ್ತೀರಿ ಎಂದು ಕೇಳಿಬಿಟ್ಟೆ. ಕಾಲೇಜಿನ ಕಾರ್ಯಕ್ರಮಕ್ಕೆ, ಬೆಳಿಗ್ಗೆ, ಬಯಲಲ್ಲಿ ಎಂದಳು. ಕೈ ತಾನಾಗಿ ಹಗಲಿನ ಸ್ವಿಚ್ಚಿಗೆ ಹೋಯಿತು. ಹುಡುಗಿ ಮಂಕಾದ ಸೀರೆಯನ್ನು ನೋಡಿದಳು, ಥ್ಯಾಂಕ್ಸ್ ಹೇಳಿದಳು, ಬರಿಗೈಯಲ್ಲಿ ಹೊರಟುಹೋದಳು.

"ಸತ್ತ್ ಮೇಲೂ ನನ್ ವ್ಯಾಪಾರಕ್ಕ್ ಅಡ್ಡ ಬತ್ರಿಯಲೆ ಧಣಿ," ಎಂದು ಖಾಲಿ ಅಂಗಡಿಯಲ್ಲಿ ಜೋರಾಗಿಯೇ ಬೈದೆ. ಬೈದು ಮುಗಿಸುವಷ್ಟರಲ್ಲಿ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು.